ಅರ್ಧ ಪೆಡಲು

ಮಂಡ್ಯದ ಗುತ್ತಲು ರಸ್ತೆ, ನನ್ನ ಹೊಲಿಗೆ ಅಂಗಡಿಯ ಮೆಟ್ಟಿಲು.
ಸಂಜೆ ಆರಕ್ಕೆ ಶುರು:
ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಲೋಕಕ್ಕೇ ದೊಡ್ಡವನು ಯಾರು?

ಲೋಕವೆಂದರೆ ಇಲ್ಲಿ
ಮದ್ದೂರಿಂದ ಪಾಂಡವಪುರದವರೆಗೆ.
ಗಿಟಾರೆಂದರೆ ಒಂದೇ ಒಂದು,
ಚಲುವಾಚಾರಿ ಮಾಡಿದ್ದು:
ಕೆಟ್ಟ ಹೊಲಿಗೆ ಮಿಷನ್ನಿನ ಕಾಲು, ಸೈಕಲ್ಲಿನ ಬ್ರೇಕುತಂತಿ,
ಯಾರದೋ ಹಳೇ ಬಾಗಿಲಿನ ತೇಗ.
ಹತ್ತು ತಂತಿ. ಮೂರು ಪೆಡಲು. ಮೊಣಕಾಲಿಗೊಂದು ಸನ್ನೆಗೋಲು.
ನುಡಿಸಿದವರು ಮೂರೇ ಜನ, ಇಪ್ಪತ್ತು ವರ್ಷದಲ್ಲಿ.

"ಇನ್ನಾಸಪ್ಪ ಕಣ್ಲಾ," ಅಂತಾನೆ ತಬಲದ ಮಾಯಿಗ,
"ಸ್ಟೀಲ್ ತುಂಡು ತಂತಿ ಮೇಲ್ ಜಾರ್ಸುದ್ರೆ
ಬೆಣ್ಣೆ ಮೇಲೆ ಬಿಸಿ ಚಾಕು."
"ಜಾರ್ಸದು ಯಾರ್ಗ್ ಬರಾಕಿಲ್ಲ? ನಿಲ್ಸದ್ ಹೇಳು."
ಇದು ಕ್ಲಾರಿನೆಟ್ ಪಾಪಯ್ಯ; ಹಲ್ಲು ಹೋಗಿವೆ, ಊದುವ ಬಾಯಿ ಹಾಗೇ ಇದೆ.
"ನಿಲ್ಸೋನು ಖಲಂದರು. ಅವ್ನ್ ಒಂದ್ ಸ್ವರ ಹಿಡುದ್ರೆ
ಶುಗರ್ ಫ್ಯಾಕ್ಟ್ರಿ ಸೈರನ್ನೂ ನಾಚ್ಕಬೇಕು."

ಮೈಕಿನ ಜವರಪ್ಪ ಯಾರ ಕಡೆಯೂ ಅಲ್ಲ.
ಅವನ ಹತ್ತಿರ ಅಮೆರಿಕದ್ದೊಂದು ಕ್ಯಾಸೆಟ್ಟಿತ್ತು.
"ಅಲ್ಲೊಬ್ಬವ್ನೆ. ಕೇಳುದ್ರೆ ಇಬ್ರೂ ಬಾಯ್ ಮುಚ್ಕತೀರ."
"ಹೆಸ್ರೇನ್ಲಾ ಅವುಂದು?"
"ಲೇಬಲ್ ಕಿತ್ತೋಗದೆ."
"ಹೆಸ್ರಿಲ್ದೋನು ಅದ್ಯಾವ ಸೀಮೆ ದೊಡ್ಡೋನ್ಲಾ!
ಕರೆಂಟ್ ಹೋದ್ಮೇಲೂ ನುಡ್ಸವ್ನಾ ಅವ್ನು,
ಕೆರಗೋಡಲ್ಲಿ, ರಾತ್ರಿ ಎರಡ್ ಗಂಟೇಲಿ,
ಮದ್ವೆ ಗಂಡಿನ್ ಬಾವ ಕುಡ್ದು ಸ್ಟೇಜ್ ಮೇಲ್ ಬಂದಾಗ?"

ಇದಕ್ಕೆ ಅಮೆರಿಕದ ಕಡೆಯಿಂದ ಉತ್ತರವಿಲ್ಲ.

ನಾನು ಒಳಗೆ ರವಿಕೆಗೆ ತೋಳು ಕೂಡಿಸುತ್ತಿರುತ್ತೇನೆ.
ಪೋಸ್ಟರಿನಲ್ಲಿ ಮಿಸ್ ಕುಮುದಿನಿ, ಮನೆಯಲ್ಲಿ ಸಾಕಮ್ಮ.
ಹದಿನಾಲ್ಕು ವರ್ಷ ಆ ಗಿಟಾರಿನಿಂದ ಮೂರಡಿ ದೂರ ನಿಂತು ಹಾಡಿದವಳು.
ನನ್ನನ್ನು ಯಾರೂ ಕೇಳಿಲ್ಲ.
ಟೀ ತರಿಸಲಾ ಅಂತ ಕೇಳುವುದು ನಾನೇ.

ಕೇಳಿದ್ದರೆ ಹೇಳುತ್ತಿದ್ದೆ:
ಇನ್ನಾಸಪ್ಪ ನುಡಿಸುವಾಗ ಜನ ನನ್ನ ಮರೆಯುತ್ತಿದ್ದರು.
ಖಲಂದರ್ ನುಡಿಸುವಾಗ ನಾನೇ ನನ್ನ ಸಾಲು ಮರೆಯುತ್ತಿದ್ದೆ.
ದೊಡ್ಡವರೇ. ಇಲ್ಲವೆನ್ನುವುದಿಲ್ಲ.

ಮೂರನೆಯವನ ಹೆಸರು ಇವರು ಎತ್ತುವುದಿಲ್ಲ.
ಬಿಳಿಗಿರಿ, ಚಲುವಾಚಾರಿಯ ತಂಗಿ ಮಗ.
ಒಂದೂವರೆ ವರ್ಷ ನುಡಿಸಿ
ಬಸ್ ಡಿಪೋದಲ್ಲಿ ಕ್ಲಚ್ ರಿಪೇರಿಗೆ ಸೇರಿಕೊಂಡ.
ಸೋಲೋ ಕೊಟ್ಟರೆ ಅಂಗೈ ಬೆವರುತ್ತಿತ್ತು.

ಕಿರುಗಾವಲಿನಲ್ಲಿ ಆವತ್ತು ನನಗೆ ಗಂಟಲು ಕಟ್ಟಿತ್ತು.
ಹೊಟ್ಟೆಯಲ್ಲಿ ನಾಲ್ಕು ತಿಂಗಳು, ಯಾರಿಗೂ ಹೇಳಿರಲಿಲ್ಲ.
ಚರಣದ ಮೇಲಿನ ಸ್ವರಕ್ಕೆ ಚಾಚಿದೆ. ಎಟುಕಲಿಲ್ಲ.
ಅಕಾರ್ಡಿಯನ್ ತನ್ನ ಮನೆ ಬಿಟ್ಟು ಕದಲಲಿಲ್ಲ,
ಅದಕ್ಕೆ ಸ್ವರವೆಂದರೆ ಒಂದು ಗುಂಡಿ.
ನಾನು ಕೂದಲೆಳೆಯಷ್ಟು ಕೆಳಗೆ,
ಸಾಯುವಷ್ಟು ಕೆಳಗೆ.

ಆಗ ಬಿಳಿಗಿರಿ ಪೆಡಲನ್ನು ಪೂರ್ತಿ ಒತ್ತಲಿಲ್ಲ.
ಅರ್ಧ ಒತ್ತಿ ಹಿಡಿದ.
ಯಾವ ಪೆಟ್ಟಿಗೆಯಲ್ಲೂ ಇಲ್ಲದ ಒಂದು ಜಾಗದಲ್ಲಿ
ನನ್ನ ಪಕ್ಕ ಬಂದು ನಿಂತ,
ಬಸ್ಸು ತಪ್ಪಿದವಳ ಜೊತೆ
ತನ್ನ ಬಸ್ಸನ್ನೂ ಬಿಟ್ಟು ನಿಂತವನ ಹಾಗೆ.
ಆಮೇಲೆ ಮಿಕ್ಕರ್ಧ, ನಿಧಾನ, ನಿಧಾನ.
ಇಬ್ಬರೂ ಏರಿದೆವು.
ಜನ ಅದನ್ನು ಗಮಕವೆಂದುಕೊಂಡರು.
ಒನ್ಸ್‌ಮೋರ್ ಬಂತು.

ಸಿಟ್ಟೂ ಬಂದಿತ್ತು, ನಿಜ.
ನಿನ್ನನ್ನು ಯಾರು ಕರೆದರು?
ವ್ಯಾನಿನಲ್ಲಿ ಮಾತಾಡಿಸಲಿಲ್ಲ. ಅವನು ಕಿಟಕಿಗೆ ತಲೆಯಾನಿಸಿ
ಬಾಯಿ ತೆರೆದುಕೊಂಡು ನಿದ್ದೆ ಹೋದ.

ಹೊರಗೆ ಪಾಪಯ್ಯ ಹಲ್ಲಿಲ್ಲದ ಬಾಯಲ್ಲಿ
ಖಲಂದರನ ಸ್ವರ ಹಿಡಿದು ತೋರಿಸುತ್ತಿದ್ದಾನೆ.
ಬಿಡುತ್ತಿಲ್ಲ. ಕುತ್ತಿಗೆಯ ನರ ಉಬ್ಬಿದೆ.
ಶ್ರುತಿ ಕೂದಲೆಳೆ ಕೆಳಗಿದೆ.
ಮಿಷನ್ನಿನ ಮೇಲೆ ನನ್ನ ಕಾಲು ನಿಲ್ಲುತ್ತದೆ,
ಸೂಜಿ ಬಟ್ಟೆಯೊಳಗೆ.
ಅವನಿರುವಲ್ಲಿಗೇ ಇಳಿದು, ಬಾಯಿ ಮುಚ್ಚಿಕೊಂಡೇ,
ಮೆಲ್ಲಗೆ ಹಿಡಿಯುತ್ತೇನೆ.

"ಇದೇ ಕಣ್ರಲಾ!" ಜವರಪ್ಪ ಎದ್ದು ನಿಂತಿದ್ದಾನೆ,
"ನನ್ ಕ್ಯಾಸೆಟ್ನಲ್ಲಿ ಇದ್ದುದ್ದು ಇದೇ!"